ಹತ್ತು ವರ್ಷದ ಮಗಳಿಗೆ ಪ್ರೋಗ್ರಾಮಿಂಗ್: ಆನ್‌ಲೈನ್ ಕ್ಲಾಸ್ ಬಿಡಿಸಿದೆ, ಈಗ ಮನೆಯಲ್ಲೇ ಹೇಗೆ ಕಲಿಸಲಿ?

ತುಂಗೆಯ_ದಡ

ಎಲ್ಲರಿಗೂ ನಮಸ್ಕಾರ. ನಮ್ಮದು ಶಿವಮೊಗ್ಗ. ಮಗಳಿಗೆ ಹತ್ತು ವರ್ಷ, ಐದನೇ ಕ್ಲಾಸು, ಕನ್ನಡ ಮಾಧ್ಯಮ. ನಾನು ಕಂಪ್ಯೂಟರ್ ಓದಿದವನಲ್ಲ, ಔಷಧಿ ಅಂಗಡಿ ಇಟ್ಟುಕೊಂಡಿದ್ದೇನೆ. ಒಂದು ದಿನ ಅಂಗಡಿಯಲ್ಲಿ ಕೂತಿದ್ದವಳು ಬಿಲ್ ಮಾಡುವ ಕಂಪ್ಯೂಟರ್ ತೋರಿಸಿ "ಅಪ್ಪಾ, ಬಿಲ್ ಎಷ್ಟಾಯ್ತು ಅಂತ ಇದಕ್ಕೆ ಹೇಗೆ ಗೊತ್ತಾಗುತ್ತೆ?" ಎಂದು ಕೇಳಿದಳು. ಅಲ್ಲಿಂದ ಶುರುವಾಯಿತು.

ಆಸೆ ಪಡುತ್ತಿದ್ದಾಳಲ್ಲ ಎಂದು ಒಂದು ಆನ್‌ಲೈನ್ ಕೋಡಿಂಗ್ ಕ್ಲಾಸಿಗೆ ಸೇರಿಸಿದೆ. ಮೂರು ತಿಂಗಳ ಹಣ ಮೊದಲೇ ಕಟ್ಟಿಸಿಕೊಂಡರು. ಮೇಷ್ಟ್ರು ತಮ್ಮ ಸ್ಕ್ರೀನ್ ತೋರಿಸುತ್ತಾರೆ, ಇವಳು ನೋಡಿಕೊಂಡು ಹಾಗೇ ಜೋಡಿಸುತ್ತಾಳೆ, ಕೊನೆಗೆ "ಆಪ್ ಮಾಡಿದ್ದೀಯಾ, ಶಭಾಷ್" ಎಂದು ಒಂದು ಸರ್ಟಿಫಿಕೇಟ್. ಆ ಆಪ್‌ನ ಬಣ್ಣ ಬದಲಿಸು ಎಂದರೆ ಇವಳಿಗೆ ಬರುವುದಿಲ್ಲ. ಎಲ್ಲವೂ ಇಂಗ್ಲಿಷ್, ಅದೂ ಬಹಳ ವೇಗ. ಎರಡನೇ ತಿಂಗಳಿಗೆ ಕ್ಲಾಸ್ ಟೈಮ್ ಬಂದರೆ ಹೊಟ್ಟೆನೋವು ಎನ್ನತೊಡಗಿದಳು. ಬಿಡಿಸಿದೆ. ಹಣ ಹೋದದ್ದಕ್ಕಿಂತ "ನನಗೆ ಕಂಪ್ಯೂಟರ್ ಬರಲ್ಲ" ಎಂದು ಅವಳು ಹೇಳಿದ್ದು ಜಾಸ್ತಿ ನೋವಾಯಿತು.

ಮನೆಯಲ್ಲಿ 4 ಜಿಬಿ ರಾಮ್‌ನ ಹಳೇ ಲ್ಯಾಪ್‌ಟಾಪ್ ಇದೆ. ಬ್ಲಾಕ್ ಜೋಡಿಸಿ ಪ್ರೋಗ್ರಾಮ್ ಮಾಡುವ ಸ್ಕ್ರ್ಯಾಚ್ ಶುರು ಮಾಡಲಾ, ಟೈಪ್ ಮಾಡಿ ಬರೆಯುವ ಪೈಥಾನ್ ಶುರು ಮಾಡಲಾ? ಇಂಗ್ಲಿಷ್ ಗಟ್ಟಿಯಾಗುವ ತನಕ ಕಾಯಬೇಕಾ? ನನಗೇ ಬಾರದ್ದನ್ನು ನಾನು ಹೇಗೆ ಕಲಿಸಲಿ? ದಯವಿಟ್ಟು ಅನುಭವ ಇದ್ದವರು ಹೇಳಿ.

ಆಮೆ_ನಡಿಗೆ

ಸರ್, ಮೊದಲು ಆ ಮಾತನ್ನು ಅವಳ ತಲೆಯಿಂದ ತೆಗೆಯಿರಿ. ಅಲ್ಲಿ ಅವಳಿಗೆ ಕಲಿಸಿದ್ದು ಕಂಪ್ಯೂಟರ್ ಅಲ್ಲ, ನಕಲು ಮಾಡುವುದು.

ನಾನು ಶಾಲೆಯಲ್ಲಿ ಲೋಗೋ ಕಲಿತವನು. 1967ರಲ್ಲಿ ಸೀಮೋರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫೋರ್ಜೈಗ್ ಸೇರಿ ಮಕ್ಕಳಿಗೆಂದೇ ಮಾಡಿದ ಭಾಷೆ ಅದು. ಸ್ಕ್ರೀನ್ ಮೇಲೆ ಒಂದು ಆಮೆ. ಮುಂದೆ 100 ಹೋಗು, ಬಲಕ್ಕೆ 90 ತಿರುಗು ಎಂದು ನಾಲ್ಕು ಸಲ ಹೇಳಿದರೆ ಚೌಕ. ಮುಂದೆ 1, ಬಲಕ್ಕೆ 1 ಎಂದು 360 ಸಲ ಹೇಳಿದರೆ ವೃತ್ತ. ಆ ವೃತ್ತ ಮೂಡಿದ ದಿನ ಈಗಲೂ ನೆನಪಿದೆ ನನಗೆ.

ಈಗ ಸ್ಕ್ರ್ಯಾಚ್‌ನಲ್ಲಿ ಅದನ್ನೇ ಮಾಡಬಹುದು. ಪೆನ್ ಎಂಬ ಎಕ್ಸ್‌ಟೆನ್ಶನ್ ಸೇರಿಸಿಕೊಳ್ಳಿ, ಸ್ಕ್ರೀನ್ ಮೇಲಿರುವ ಬೆಕ್ಕಿನ ಗೊಂಬೆ ನಡೆದಲ್ಲೆಲ್ಲ ಗೆರೆ ಬೀಳುತ್ತದೆ. ಮೊದಲು ಚೌಕ ಮಾಡಲಿ. ಆಮೇಲೆ ಮೂರೂ ಬದಿ ಸಮ ಇರುವ ತ್ರಿಕೋನ ಬರಿ ಎನ್ನಿ. ಹತ್ತಕ್ಕೆ ಒಂಬತ್ತು ಮಕ್ಕಳಲ್ಲ, ನೂರಕ್ಕೆ ನೂರು ಮಕ್ಕಳು 60 ಡಿಗ್ರಿ ತಿರುಗಿಸುತ್ತಾರೆ, ಯಾಕೆಂದರೆ ಪುಸ್ತಕದಲ್ಲಿ ಕೋನ 60 ಅಂತಲೇ ಇದೆ. ತ್ರಿಕೋನ ಬರುವುದಿಲ್ಲ, ಷಟ್ಕೋನದ ಅರ್ಧ ಬಂದು ನಿಲ್ಲುತ್ತದೆ. ಆಗ ನೀವು ಉತ್ತರ ಹೇಳಬೇಡಿ. ಅಂಗಳದಲ್ಲಿ ಸೀಮೆಸುಣ್ಣದಲ್ಲಿ ತ್ರಿಕೋನ ಬರೆದು ಅದರ ಮೇಲೆ ಅವಳನ್ನೇ ನಡೆಸಿ. ಮೂಲೆಗೆ ಬಂದಾಗ ಮೈ ಎಷ್ಟು ತಿರುಗಿತು ಎಂದು ಕೇಳಿ. 120 ಎಂದು ಅವಳೇ ಹೇಳುತ್ತಾಳೆ.

ಕೋಡ್_ಕೆಲಸಗಾರ

ಪೈಥಾನ್ ಕಲಿಸಿ. ಸ್ಕ್ರ್ಯಾಚ್ ಆಟದ ಸಾಮಾನು. ಹತ್ತು ವರ್ಷ ಅಂದರೆ ಟೈಪ್ ಮಾಡುವ ವಯಸ್ಸು.

ಜಯನಗರದ_ಅಮ್ಮ

ಆಟದ ಸಾಮಾನು ಅಂದರೆ ಕೀಳು ಅಂತ ಯಾಕೆ ಅಂದುಕೊಳ್ಳುತ್ತೀರಿ? ನನ್ನ ಮಗನಿಗೆ ಒಂಬತ್ತನೇ ವಯಸ್ಸಿಗೆ ನೇರವಾಗಿ ಪೈಥಾನ್ ಹಿಡಿಸಿದೆವು. ನಾವಿಬ್ಬರೂ ಸಾಫ್ಟ್‌ವೇರ್‌ನವರೇ. ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ಕೋಲನ್ ಎಲ್ಲಿದೆ, ಬ್ರಾಕೆಟ್ ಎಲ್ಲಿದೆ ಎಂದು ಕೀಬೋರ್ಡಿನಲ್ಲಿ ಹುಡುಕುವುದೇ ಆಗುತ್ತಿತ್ತು. ಒಂದು ಸ್ಪೇಸ್ ಜಾಸ್ತಿಯಾದರೆ ಕೆಂಪು ಅಕ್ಷರದಲ್ಲಿ ಇಂಗ್ಲಿಷ್ ಬೈಗುಳ. ಅವನು ಯೋಚನೆ ಮಾಡಬೇಕಾದ್ದು ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು) ಬಗ್ಗೆ, ಆದರೆ ಶಕ್ತಿಯೆಲ್ಲ ಹೋಗಿದ್ದು ಕಾಮಾ ಹುಡುಕುವುದಕ್ಕೆ. ಆಮೇಲೆ ಸ್ಕ್ರ್ಯಾಚ್‌ಗೆ ಬಂದೆವು. ಅಲ್ಲಿ ಬ್ಲಾಕ್ ಒಂದಕ್ಕೊಂದು ಕೂರದಿದ್ದರೆ ಕೂರುವುದೇ ಇಲ್ಲ, ಸ್ಪೆಲ್ಲಿಂಗ್ ತಪ್ಪಾಗುವ ಪ್ರಶ್ನೆಯೇ ಇಲ್ಲ.

ಸ್ಕ್ರ್ಯಾಚ್ ಸಣ್ಣದೇನಲ್ಲ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ಮಾಡಿದ್ದು, 2007ರಲ್ಲಿ ಎಲ್ಲರಿಗೂ ಸಿಕ್ಕಿತು. ಲೂಪ್, ಕಂಡೀಷನ್ (ಹೀಗಿದ್ದರೆ ಹೀಗೆ ಮಾಡು ಎನ್ನುವುದು), ವೇರಿಯೇಬಲ್ (ಹೆಸರಿಟ್ಟು ಬೆಲೆ ಇಟ್ಟುಕೊಳ್ಳುವ ಡಬ್ಬಿ), ಲಿಸ್ಟ್ (ಪಟ್ಟಿ), ಎಲ್ಲವೂ ಇದೆ.

ಕೋಡ್_ಕೆಲಸಗಾರ

ಮೇಡಂ, ಕೀಳು ಅಂತ ಹೇಳಲಿಲ್ಲ. ನಾನು ನೋಡಿದ ಎಷ್ಟೋ ಮಕ್ಕಳು ಬ್ಲಾಕ್ ಜೋಡಿಸುವುದರಲ್ಲೇ ಮೂರು ವರ್ಷ ಉಳಿದುಬಿಟ್ಟಿದ್ದಾರೆ. ಟೈಪ್ ಮಾಡುವ ಭಾಷೆಗೆ ಬರಲು ಹೆದರುತ್ತಾರೆ. ನನ್ನ ಕಾಳಜಿ ಅದು.

ಜಯನಗರದ_ಅಮ್ಮ

ಆ ಮಾತು ಒಪ್ಪುತ್ತೇನೆ. ನಾವು ಮಗನಿಗೆ ಹನ್ನೊಂದು ತುಂಬಿದ ಮೇಲೆ ಪೈಥಾನ್‌ಗೆ ವಾಪಸ್ ಬಂದೆವು. ಮೊದಲ ಪ್ರೋಗ್ರಾಮ್ ಮಗ್ಗಿ. ಯಾವ ಸಂಖ್ಯೆ ಕೊಟ್ಟರೂ ಅದರ ಮಗ್ಗಿ ಬರಬೇಕು. 17ರ ಮಗ್ಗಿ ಬಾಯಿಗೆ ಬಾರದ ಹುಡುಗ ಎರಡು ಸಾಲಿನಲ್ಲಿ 1,700ರ ಮಗ್ಗಿ ಬರೆಸಿ ಅಜ್ಜನಿಗೆ ತೋರಿಸಿದ. ಥಾನಿ ಎಂಬ ಉಚಿತ ಸಾಫ್ಟ್‌ವೇರ್ ಬಳಸಿ, ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದವರು ಹೊಸಬರಿಗೆಂದೇ ಮಾಡಿದ್ದು. ಪ್ರೋಗ್ರಾಮನ್ನು ಒಂದೊಂದೇ ಹೆಜ್ಜೆ ಓಡಿಸಿ, ಯಾವ ವೇರಿಯೇಬಲ್‌ನಲ್ಲಿ ಈಗ ಏನಿದೆ ಎಂದು ಪಕ್ಕದಲ್ಲೇ ತೋರಿಸುತ್ತದೆ.

ಕೊಪ್ಪಳ_ಮೇಷ್ಟ್ರು

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತ ಹೇಳುತ್ತೇನೆ. ನಮ್ಮಲ್ಲಿ ನಡೆಯುವ ಕಂಪ್ಯೂಟರ್ ಒಂದೇ, ಅದೂ ಕರೆಂಟ್ ಇದ್ದರೆ. ಆದರೂ ಕಲಿಸುತ್ತೇವೆ. ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಅವರ ತಂಡ ಕಂಪ್ಯೂಟರ್ ಇಲ್ಲದೇ ಕಂಪ್ಯೂಟರ್ ವಿಜ್ಞಾನ ಕಲಿಸುವ ಆಟಗಳನ್ನು ಮಾಡಿಟ್ಟಿದೆ. ಅದರಲ್ಲಿ ಒಂದು ಹೇಳುತ್ತೇನೆ, ಮನೆಯಲ್ಲೇ ಮಾಡಬಹುದು.

ಹಳೇ ಮದುವೆ ಪತ್ರಿಕೆಯ ಹಿಂಬದಿಯಲ್ಲಿ ಐದು ಕಾರ್ಡ್ ಮಾಡಿ. ಒಂದರ ಮೇಲೆ 1 ಚುಕ್ಕಿ, ಇನ್ನೊಂದರ ಮೇಲೆ 2, ಆಮೇಲೆ 4, 8, 16. ಐದು ಮಕ್ಕಳ ಕೈಗೆ ಕೊಟ್ಟು ಸಾಲಾಗಿ ನಿಲ್ಲಿಸಿ. ಕಾರ್ಡ್ ತೋರಿಸಿದರೆ ಎಣಿಕೆಗೆ ಉಂಟು, ಮುಚ್ಚಿದರೆ ಇಲ್ಲ. ನಿನ್ನ ಹುಟ್ಟಿದ ತಾರೀಖು ತೋರಿಸು ಎಂದು ಒಬ್ಬೊಬ್ಬರನ್ನೇ ಕರೆದೆ. 1ರಿಂದ 31ರ ತನಕ ಯಾವ ತಾರೀಖು ಬೇಕಾದರೂ ಬರುತ್ತದೆ, ಒಂದೊಂದಕ್ಕೆ ಒಂದೇ ರೀತಿ ಮಾತ್ರ. "ಸರ್, ಆರನೇ ಕಾರ್ಡಿನ ಮೇಲೆ 32 ಅಲ್ವಾ?" ಎಂದು ಹಿಂದಿನ ಸಾಲಿನ ಹುಡುಗಿ ಕೂಗಿದಳು. ಪರೀಕ್ಷೆಯಲ್ಲಿ ಯಾವಾಗಲೂ ಹಿಂದೆ ಬೀಳುವ ಹುಡುಗಿ ಅವಳು.

ನಿಮಗೆ ಬಾರದ್ದನ್ನು ಹೇಗೆ ಕಲಿಸಲಿ ಎಂದಿರಿ. ಕಲಿಸಬೇಡಿ. ಪಕ್ಕದಲ್ಲಿ ಕೂತು ನೀವೂ ಕಲಿಯಿರಿ. ಅಪ್ಪನಿಗೂ ಗೊತ್ತಿಲ್ಲ ಎಂದು ಮಗುವಿಗೆ ಗೊತ್ತಾದರೆ ತಪ್ಪು ಮಾಡುವ ಹೆದರಿಕೆ ಅರ್ಧ ಹೋಗುತ್ತದೆ.

ಕರಾವಳಿ_ಕುಡಿ

ಮೇಷ್ಟ್ರೇ, ನಮಸ್ಕಾರ ನಿಮಗೆ.

ಪಕ್ಕದ ಕೇರಳದಲ್ಲಿ 2018ರಿಂದ ಲಿಟಲ್ ಕೈಟ್ಸ್ ಎಂದು ಶಾಲೆಗಳಲ್ಲೇ ಮಕ್ಕಳ ಐಟಿ ಕ್ಲಬ್‌ಗಳಿವೆ. ಪ್ರೋಗ್ರಾಮಿಂಗ್, ಅನಿಮೇಷನ್ ಎಲ್ಲ ಅಲ್ಲೇ ಕಲಿಯುತ್ತಾರೆ, ಅದೂ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್ ಮೇಲೆ. ಕಾಸರಗೋಡಿನಲ್ಲಿರುವ ನಮ್ಮ ಅಕ್ಕನ ಮಗಳು ಅಲ್ಲೇ ಕಲಿತಿದ್ದು. ನಮ್ಮಲ್ಲಿ ಯಾಕಾಗಬಾರದು? 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೂ ಮಾಧ್ಯಮಿಕ ಹಂತದಲ್ಲಿ, ಅಂದರೆ ಆರನೇ ತರಗತಿಯಿಂದ, ಕೋಡಿಂಗ್ ಅಂತ ಬರೆದಿದ್ದಾರೆ. ಬರೆದರೆ ಸಾಕಾ?

ನಿವೃತ್ತ_ಬ್ಯಾಂಕ್

ಒಂದು ಪ್ರಶ್ನೆ. ಈಗ ಎಐಗೆ ಕನ್ನಡದಲ್ಲಿ ಹೇಳಿದರೂ ಕೋಡ್ ಬರೆದುಕೊಡುತ್ತದೆ. ಹೀಗಿರುವಾಗ ಹತ್ತು ವರ್ಷದ ಮಗುವಿಗೆ ಯಾಕೆ ಈ ತ್ರಾಸ? ಚೆನ್ನಾಗಿ ಓದಲಿ, ಆಡಲಿ.

ಕೋಡ್_ಕೆಲಸಗಾರ

ಸರ್, ನಾನು ದಿನಾ ಎಐ ಬಳಸುತ್ತೇನೆ. ಅದು ಬರೆದದ್ದು ಸರಿಯೋ ತಪ್ಪೋ ಎಂದು ನೋಡುವುದೇ ಈಗ ನನ್ನ ಕೆಲಸದಲ್ಲಿ ದೊಡ್ಡ ಭಾಗ. ಲೂಪ್ ಅಂದರೆ ಏನು ಅಂತ ಗೊತ್ತಿಲ್ಲದವನು ಅದನ್ನು ಹೇಗೆ ನೋಡುತ್ತಾನೆ? ಕ್ಯಾಲ್ಕ್ಯುಲೇಟರ್ ಬಂದ ಮೇಲೂ ನೀವು ಬ್ಯಾಂಕಿನಲ್ಲಿ ಮೊತ್ತ ನೋಡಿದ ಕೂಡಲೇ ಎಲ್ಲೋ ತಪ್ಪಿದೆ ಎಂದು ಹೇಳುತ್ತಿದ್ದಿರಿ ಅಲ್ವಾ? ಹಾಗೆ.

ನಿವೃತ್ತ_ಬ್ಯಾಂಕ್

ಹೌದು, ಅದು ನಿಜ. ಲೆಡ್ಜರ್ ಕಾಲದಲ್ಲಿ ಕೈಯಲ್ಲಿ ಕೂಡಿ ಕೂಡಿ ಬಂದ ಕಣ್ಣು ಅದು. ನಿಮ್ಮ ಮಾತು ಒಪ್ಪಿದೆ. ಆದರೆ ಸ್ಕ್ರೀನ್ ಮುಂದೆ ಗಂಟೆಗಟ್ಟಲೆ ಕೂರಿಸಬೇಡಿ ಎಂಬ ನನ್ನ ಮಾತು ಬದಲಾಗುವುದಿಲ್ಲ.

ಮ್ಯಾಂಚೆಸ್ಟರ್_ಕನ್ನಡತಿ

ಇಂಗ್ಲೆಂಡಿನಲ್ಲಿ 2014ರಿಂದ ಐದು ವರ್ಷದ ಮಕ್ಕಳಿಗೂ ಕಂಪ್ಯೂಟಿಂಗ್ ಪಠ್ಯದಲ್ಲಿದೆ. ಐದು ವರ್ಷಕ್ಕೇ ಕೋಡ್ ಬರೆಸುತ್ತಾರಾ ಎಂದು ನಾನೂ ಗಾಬರಿಯಾಗಿದ್ದೆ. ಹಾಗೇನಿಲ್ಲ. ನೆಲದ ಮೇಲೆ ಓಡಾಡುವ ಸಣ್ಣ ರೋಬೋಟಿಗೆ ಬಾಣದ ಗುರುತು ಒತ್ತಿ ದಾರಿ ಹೇಳುತ್ತಾರೆ ಅಷ್ಟೇ.

2016ರಲ್ಲಿ ಇಲ್ಲಿ 'ಇಯರ್ 7' ತರಗತಿಯ, ಅಂದರೆ ಹನ್ನೊಂದು ಹನ್ನೆರಡು ವಯಸ್ಸಿನ, ಮಕ್ಕಳಿಗೆಲ್ಲ ಬಿಬಿಸಿ ಮೈಕ್ರೋಬಿಟ್ ಎಂಬ ಸಣ್ಣ ಕಂಪ್ಯೂಟರ್ ಬೋರ್ಡ್ ಉಚಿತವಾಗಿ ಹಂಚಿದರು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದು, 25 ಪುಟ್ಟ ದೀಪ, ಎರಡು ಬಟನ್, ಅಲ್ಲಾಡಿಸಿದರೆ ಗೊತ್ತಾಗುವ ಸೆನ್ಸರ್. ನಮ್ಮ ದೊಡ್ಡವನು ಅದರಲ್ಲಿ ಚೌಕಾಬಾರಕ್ಕೆ ದಾಳ ಮಾಡಿದ. ಅಲ್ಲಾಡಿಸಿದರೆ ಕವಡೆ ಬಿದ್ದಂತೆ ನಂಬರ್ ಬರುತ್ತದೆ. ಅಜ್ಜಿ ಊರಿಂದ ಬಂದಾಗ ಆಡಿ ನೋಡಿ, "ಇದು ಸರಿಯಿಲ್ಲ ಕಣೋ, ನಾಲ್ಕು ಕವಡೆ ಹಾಕಿದರೆ ಎರಡು ಬೀಳುವುದೇ ಜಾಸ್ತಿ, ನಿಂದರಲ್ಲಿ ಎಲ್ಲವೂ ಒಂದೇ ಥರ ಬೀಳುತ್ತಿದೆ" ಎಂದರು. ಅವನು ಎಲ್ಲಾ ನಂಬರಿಗೂ ಸಮ ಅವಕಾಶ ಕೊಟ್ಟಿದ್ದ. ಆಮೇಲೆ ನಾಲ್ಕು ಕವಡೆಯನ್ನೂ ಬೇರೆ ಬೇರೆ ಹಾರಿಸಿ ಎಣಿಸುವ ಹಾಗೆ ಬದಲಿಸಿದ. ಅಜ್ಜಿ ಹಿಡಿದ ಬಗ್ (ಪ್ರೋಗ್ರಾಮಿನ ತಪ್ಪು) ಅದು. ಶಾಲೆಯ ಟೀಚರಿಗೂ ಸಿಕ್ಕಿರಲಿಲ್ಲ.

ಆಮೆ_ನಡಿಗೆ

ಅಜ್ಜಿಗೆ ನನ್ನ ಸಾಷ್ಟಾಂಗ ನಮಸ್ಕಾರ. ನಾಲ್ಕು ಕವಡೆಗೆ 16 ಬಗೆ, ಅದರಲ್ಲಿ ಎರಡು ಮೇಲೆ ಬೀಳುವುದು 6 ಬಗೆ. ನಿಜವಾದ ಕವಡೆಯಲ್ಲಿ ಎರಡೂ ಬದಿ ಸಮ ಅಲ್ಲ ಅನ್ನುವುದು ಬೇರೆ ಮಾತು.

ತುಂಗೆಯ_ದಡ

ಇಷ್ಟು ಜನ ಬರೆದಿದ್ದೀರಿ, ಎಲ್ಲರಿಗೂ ಧನ್ಯವಾದ. ನಿನ್ನೆ ಸ್ಕ್ರ್ಯಾಚ್ ಆಫ್‌ಲೈನ್ ಆಪ್ ಹಾಕಿದೆ, ಹಳೇ ಲ್ಯಾಪ್‌ಟಾಪಿನಲ್ಲಿ ನಿಧಾನವಾದರೂ ನಡೆಯುತ್ತಿದೆ. ಆದರೆ ಭಾಷೆಯ ಬಗ್ಗೆ ಯಾರೂ ಹೇಳಲಿಲ್ಲ. ಇಂಗ್ಲಿಷ್ ಬರದೇ ಎಷ್ಟು ದೂರ ಹೋಗಬಹುದು?

ನುಡಿ_ಕಿಡಿ

ನಾನು ಎಸ್ಸೆಸ್ಸೆಲ್ಸಿ ತನಕ ಕನ್ನಡ ಮಾಧ್ಯಮ, ಈಗ ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ. ಕಾಯಬೇಡಿ ಅಂತ ಖಂಡಿತ ಹೇಳುತ್ತೇನೆ. ಮೂವ್, ಟರ್ನ್, ರಿಪೀಟ್, ಇಫ್, ಎಲ್ಸ್, ಫಾರೆವರ್, ಇಂಥ ಇಪ್ಪತ್ತು ಮೂವತ್ತು ಪದ ಗೊತ್ತಿದ್ದರೆ ಶುರು ಮಾಡಲು ಸಾಕು. ನೋಟ್‌ಬುಕ್ಕಿನಲ್ಲಿ ಪಕ್ಕ ಪಕ್ಕ ಅರ್ಥ ಬರೆದುಕೊಳ್ಳಲಿ. ಬೆಕ್ಕು ಮಾತಾಡುವುದು ಕನ್ನಡದಲ್ಲೇ ಇರಲಿ, ಆ ಬ್ಲಾಕಿನಲ್ಲಿ ಕನ್ನಡ ಟೈಪ್ ಮಾಡಬಹುದು.

ಮುಂದೆ ಪೈಥಾನ್‌ಗೆ ಬಂದಾಗ ಇನ್ನೂ ಮಜಾ ಇದೆ. ವೇರಿಯೇಬಲ್ ಹೆಸರನ್ನು ಕನ್ನಡದಲ್ಲೇ ಇಡಬಹುದು, ಪೈಥಾನ್ 3 ಒಪ್ಪುತ್ತದೆ. 'ಅಂಕ', 'ಬೆಲೆ' ಎಂದು ಬರೆದರೆ ನಡೆಯುತ್ತದೆ. ಪ್ರೋಗ್ರಾಮ್ ಓಡುವಾಗ ಯಾರಾದರೂ ಕನ್ನಡ ಅಂಕಿಯಲ್ಲಿ ೧೨ ಎಂದು ಟೈಪ್ ಮಾಡಿದರೂ int() ಅದನ್ನು ಹನ್ನೆರಡು ಎಂದು ಓದಿಕೊಳ್ಳುತ್ತದೆ, ಕೋಡಿನೊಳಗೆ ಮಾತ್ರ 12 ಎಂದೇ ಬರೆಯಬೇಕು.

ಒಂದು ಆಟ ಹೇಳುತ್ತೇನೆ. 'ಮೈಸೂರು' ಎಂಬ ಪದದಲ್ಲಿ ಎಷ್ಟು ಅಕ್ಷರ ಎಂದು ಮಗುವನ್ನು ಕೇಳಿ, ಮೂರು ಎನ್ನುತ್ತದೆ. ಪೈಥಾನ್ ಆರು ಎನ್ನುತ್ತದೆ. ಯಾಕೆಂದರೆ ಅದು ಮ, ಐತ್ವ, ಸ, ಊಕಾರದ ಕೊಂಬು, ರ, ಉಕಾರದ ಕೊಂಬು ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. ಅದೇ ಪದವನ್ನು ತಿರುಗಿಸು ಎಂದರೆ ಮೊದಲಿಗೆ ಒಂದು ಕೊಂಬು ಅನಾಥವಾಗಿ ನಿಂತು, ಆಮೇಲೆ 'ರೂಸೈಮ' ಎಂದು ಬರುತ್ತದೆ. ಗುಣಿತದ ಚಿಹ್ನೆಗಳೆಲ್ಲ ಪಕ್ಕದ ಮನೆಗೆ ಹೋಗಿಬಿಟ್ಟಿವೆ! ನನ್ನ ತಂಗಿಯ ಮಗ ಇದನ್ನು ನೋಡಿ ಎರಡು ದಿನ ಊರಿನವರ ಹೆಸರೆಲ್ಲ ತಿರುಗಿಸುತ್ತ ಕೂತಿದ್ದ. ಕಾಗುಣಿತ ಎಂದರೆ ಏನು ಎಂದು ಅವನಿಗೆ ನಿಜವಾಗಿ ಅರ್ಥವಾದದ್ದು ಆಗಲೇ.

ಷಟ್ಪದಿ_ಟೀಚರ್

ಇದನ್ನು ಓದಿ ಸುಮ್ನೆ ಇರಲು ಆಗಲಿಲ್ಲ. ನಾನು ಹೈಸ್ಕೂಲಿನಲ್ಲಿ ಕನ್ನಡ ಹೇಳುವವಳು. ಲಘು ಗುರು ಗುರುತಿಸುವುದು ಪಕ್ಕಾ ಪ್ರೋಗ್ರಾಮ್ ಅಲ್ಲವೇ? ದೀರ್ಘವಾಗಿದ್ದರೆ ಗುರು. ಅನುಸ್ವಾರ, ವಿಸರ್ಗ ಇದ್ದರೆ ಗುರು. ಮುಂದೆ ಒತ್ತಕ್ಷರ ಬಂದರೆ ಹಿಂದಿನದು ಗುರು. ಏನೂ ಇಲ್ಲದಿದ್ದರೆ ಲಘು. ಪೂರಾ ಇಫ್-ಎಲ್ಸ್!

ನಮ್ಮ ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು ಕಂಪ್ಯೂಟರ್ ಮೇಷ್ಟ್ರ ಸಹಾಯದಿಂದ ಭಾಮಿನಿ ಷಟ್ಪದಿಯ ಮಾತ್ರೆ ಎಣಿಸುವ ಪ್ರೋಗ್ರಾಮ್ ಬರೆದರು. 1, 2, 4, 5ನೇ ಸಾಲಿಗೆ 14 ಮಾತ್ರೆ ಬರಬೇಕು, 3 ಮತ್ತು 6ನೇ ಸಾಲಿಗೆ 23. ಕುಮಾರವ್ಯಾಸನ ಪದ್ಯ ಹಾಕಿದರೆ ಕೆಲವು ಸಾಲಿನ ಕೊನೆಗೆ ಒಂದು ಮಾತ್ರೆ ಕಡಿಮೆ ಬರುತ್ತಿತ್ತು. ಕವಿಯೇ ತಪ್ಪಿದ್ದಾನೆ ಎಂದು ಒಬ್ಬಳ ವಾದ. ಇನ್ನೊಬ್ಬಳು ವ್ಯಾಕರಣ ಪುಸ್ತಕ ತೆಗೆದು, 3 ಮತ್ತು 6ನೇ ಸಾಲಿನ ಕೊನೆಯ ಅಕ್ಷರ ಲಘುವಾಗಿದ್ದರೂ ಗುರು ಎಂದೇ ಎಣಿಸಬೇಕು ಎಂಬ ನಿಯಮ ಹುಡುಕಿದಳು. ಇಪ್ಪತ್ತು ವರ್ಷ ಛಂದಸ್ಸು ಹೇಳಿದ್ದೇನೆ, ಮಕ್ಕಳು ತಾವಾಗಿ ವ್ಯಾಕರಣ ಪುಸ್ತಕ ತೆಗೆದದ್ದು ಆ ದಿನ ನೋಡಿದೆ.

ಕರಾವಳಿ_ಕುಡಿ

ಟೀಚರ್, ಆ ಪ್ರೋಗ್ರಾಮ್ ಹಂಚಿಕೊಳ್ಳಿ ದಯವಿಟ್ಟು. ನನ್ನ ತಮ್ಮನಿಗೆ ಈ ವರ್ಷ ಎಸ್ಸೆಸ್ಸೆಲ್ಸಿ.

ಷಟ್ಪದಿ_ಟೀಚರ್

ಮಕ್ಕಳನ್ನು ಕೇಳಿ ಹಾಕುತ್ತೇನೆ, ಅದು ಅವರದು.

ಜಯನಗರದ_ಅಮ್ಮ

ಒಂದು ಮಾತು ಹೇಳದೇ ಹೋದರೆ ತಪ್ಪಾಗುತ್ತದೆ. ಮಗು ಮೌಸ್ ಹಿಡಿದಿದ್ದಾಗ ನೀವು ಕೈ ಹಾಕಬೇಡಿ. ನಾನು ಈ ತಪ್ಪು ಎಷ್ಟು ಸಲ ಮಾಡಿದ್ದೇನೋ. ಅವನು ಐದು ನಿಮಿಷ ಒದ್ದಾಡುವುದನ್ನು ನೋಡಲಾಗದೆ "ಕೊಡು ಇಲ್ಲಿ" ಎಂದು ಕಿತ್ತುಕೊಂಡು ಸರಿಮಾಡುತ್ತಿದ್ದೆ. ಒಂದು ದಿನ ಅವನು "ಅಮ್ಮ, ಇದು ಈಗ ನಿನ್ನ ಗೇಮ್" ಎಂದು ಎದ್ದು ಹೋದ. ಅಂದಿನಿಂದ ಎರಡೂ ಕೈ ಮಡಚಿಕೊಂಡು ಕೂರುತ್ತೇನೆ. ಕೇಳುವುದು ಒಂದೇ ಪ್ರಶ್ನೆ: ಏನಾಗಬೇಕಿತ್ತು, ಏನಾಯಿತು?

ಮ್ಯಾಂಚೆಸ್ಟರ್_ಕನ್ನಡತಿ

ನೂರಕ್ಕೆ ನೂರು ನಿಜ. ಗಂಡಂದಿರಿಗೂ ಇದನ್ನು ಓದಿ ಹೇಳಬೇಕು.

ತುಂಗೆಯ_ದಡ

ಮೂರು ವಾರ ಆಯಿತು, ಏನಾಯಿತು ಎಂದು ಹೇಳಲು ಬಂದೆ. ಸ್ವಲ್ಪ ಉದ್ದ ಇದೆ.

ತ್ರಿಕೋನ ಮಾಡಿದಳು. ಆಮೆ_ನಡಿಗೆ ಸರ್ ಹೇಳಿದ ಹಾಗೇ 60 ಹಾಕಿ, ಅಂಗಳದಲ್ಲಿ ನಡೆದು, 120ಕ್ಕೆ ಬಂದಳು. ಬೆಕ್ಕನ್ನು ಸ್ಕ್ರೀನಿನ ಎಡಕ್ಕೆ ಕಳಿಸಲು ಹೋಗಿ ಮೈನಸ್ ಸಂಖ್ಯೆ ತಾನಾಗಿ ಕಲಿತಳು. ನಡುವೆ ಸೊನ್ನೆ, ಎಡಕ್ಕೆ ಮೈನಸ್ 240, ಬಲಕ್ಕೆ 240. ಶಾಲೆಯಲ್ಲಿ ಋಣ ಸಂಖ್ಯೆ ಬರುವುದು ಮುಂದಿನ ವರ್ಷ.

ಆಮೇಲೆ ಏನು ಮಾಡುತ್ತೀಯಾ ಎಂದು ಕೇಳಿದೆ. ಗೇಮ್ ಎನ್ನುತ್ತಾಳೆ ಅಂದುಕೊಂಡಿದ್ದೆ. "ಅಂಗಡಿ ಚಿಲ್ಲರೆ" ಎಂದಳು. ಗಿರಾಕಿ 500 ಕೊಟ್ಟು ಬಿಲ್ 367 ಆದರೆ ಯಾವ ಯಾವ ನೋಟು ವಾಪಸ್ ಕೊಡಬೇಕು ಎಂದು ಬೆಕ್ಕು ಹೇಳಬೇಕು. ನಾನು ಗಲ್ಲಾದಲ್ಲಿ ಹೇಗೆ ಕೊಡುತ್ತೇನೆ ಎಂದು ಒಂದು ಸಂಜೆ ಪೂರಾ ಪಕ್ಕದಲ್ಲಿ ನಿಂತು ನೋಡಿದಳು. "ಅಪ್ಪಾ, ನೀನು ದೊಡ್ಡ ನೋಟಿಂದ ಶುರು ಮಾಡ್ತೀಯ" ಎಂದಳು. ಮೂವತ್ತು ವರ್ಷದಿಂದ ಕೊಡುತ್ತಿದ್ದೇನೆ, ಹಾಗೆ ಮಾಡುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

ಉಳಿದ ಹಣ 100ಕ್ಕಿಂತ ಜಾಸ್ತಿ ಇದ್ದರೆ 100 ಕೊಡು, ಇಲ್ಲದಿದ್ದರೆ 50ಕ್ಕಿಂತ ಜಾಸ್ತಿ ಇದ್ದರೆ 50 ಕೊಡು, ಹೀಗೆ 20, 10, 5, 2, 1ರ ತನಕ ಜೋಡಿಸಿದಳು. ಎಲ್ಲವನ್ನೂ ಫಾರೆವರ್ (ನಿಲ್ಲದೆ ಮತ್ತೆ ಮತ್ತೆ ಓಡಿಸುವ) ಬ್ಲಾಕ್ ಒಳಗೆ ಹಾಕಿದಳು. ಓಡಿಸಿದರೆ 133ಕ್ಕೆ 132 ಬಂತು. ಬೇರೆ ಬಿಲ್ ಹಾಕಿದಳು. ಅಲ್ಲೂ ಒಂದು ರೂಪಾಯಿ ಕಡಿಮೆ. ಯಾವ ಬಿಲ್ ಹಾಕಿದರೂ ಒಂದು ರೂಪಾಯಿ ಕಡಿಮೆ! ನಾನು ಕೈ ಮಡಚಿಕೊಂಡು ಕೂತಿದ್ದೆ. ಬಹಳ ಕಷ್ಟವಾಯಿತು. ಮಲಗುವ ಹೊತ್ತಿಗೆ ಅವಳೇ ಹೇಳಿದಳು, ಕೊನೆಗೆ ಒಂದು ರೂಪಾಯಿ ಉಳಿದಾಗ "ಒಂದಕ್ಕಿಂತ ಜಾಸ್ತಿ ಇದೆಯಾ" ಎಂದು ಬೆಕ್ಕು ಕೇಳಿಕೊಳ್ಳುತ್ತದೆ, ಇಲ್ಲ, ಅದಕ್ಕೇ ಕೊಡುವುದಿಲ್ಲ. ಬೆಳಿಗ್ಗೆ ಎದ್ದು ಅದನ್ನು ಸೊನ್ನೆಗಿಂತ ಜಾಸ್ತಿ ಎಂದು ಬದಲಿಸಿದಳು. ಮೊತ್ತ ಸರಿ ಬಂತು.

ಆದರೆ ಸರಿಯಾಗಿ 100 ವಾಪಸ್ ಕೊಡಬೇಕಾದಾಗ ಬೆಕ್ಕು 50, 20, 20, 5, 2, 2, 1 ಕೊಟ್ಟಿತು. "ಗಿರಾಕಿ ಬೈತಾರೆ ಅಪ್ಪಾ" ಎಂದಳು. ಸ್ಕ್ರ್ಯಾಚ್‌ನಲ್ಲಿ 'ಅಷ್ಟು ಅಥವಾ ಅದಕ್ಕಿಂತ ಜಾಸ್ತಿ' ಎಂಬ ಬ್ಲಾಕ್ ಹುಡುಕಿದಳು, ಸಿಗಲಿಲ್ಲ. ಕೊನೆಗೆ 100 ಇದ್ದಲ್ಲಿ 99, 50 ಇದ್ದಲ್ಲಿ 49 ಎಂದು ಎಲ್ಲ ಕಡೆ ಒಂದು ಕಡಿಮೆ ಮಾಡಿ ಸರಿಮಾಡಿದಳು. ಯಾರೂ ಹೇಳಿಕೊಡಲಿಲ್ಲ.

ಆ ಸರ್ಟಿಫಿಕೇಟನ್ನು ಗೋಡೆಯಿಂದ ಅವಳೇ ತೆಗೆದಿಟ್ಟಳು.

ಕೋಡ್_ಕೆಲಸಗಾರ

ಅಣ್ಣಾ, ಪೈಥಾನ್ ಬಗ್ಗೆ ನಾನು ಹೇಳಿದ್ದು ವಾಪಸ್ ತಗೊಂಡೆ. ಆ '99' ಹಾಕಿದ ಯೋಚನೆ ಇದೆಯಲ್ಲ, ಕೆಲಸಕ್ಕೆ ಸೇರುವ ಎಷ್ಟೋ ಹುಡುಗರು ಅಲ್ಲೇ ಎಡವುತ್ತಾರೆ.

ಆಮೆ_ನಡಿಗೆ

ಬಹಳ ಸಂತೋಷವಾಯಿತು ಸರ್. ಅವಳಿಗೆ ನನ್ನದೊಂದು ಪ್ರಶ್ನೆ ತಲುಪಿಸಿ. ಗಲ್ಲಾದಲ್ಲಿ 50 ಮತ್ತು 20ರ ನೋಟು ಮಾತ್ರ ಇವೆ, ಬೇರೆಲ್ಲ ಖಾಲಿ. 60 ರೂಪಾಯಿ ವಾಪಸ್ ಕೊಡಬೇಕು. ದೊಡ್ಡ ನೋಟಿಂದ ಶುರು ಮಾಡಿದರೆ ಏನಾಗುತ್ತದೆ?

ತುಂಗೆಯ_ದಡ

ಓದಿ ಹೇಳಿದೆ. ಮೊದಲು "ಚಾಕಲೇಟ್ ಕೊಡೋದು" ಎಂದಳು. ಅಂಗಡಿಯಲ್ಲಿ ನಾನು ಮಾಡುವುದೇ ಅದು. ಆಮೇಲೆ ಗಲ್ಲಾದಿಂದ ನಿಜವಾದ ನೋಟು ಇಸಕೊಂಡು ಹೋಗಿ ನೆಲದ ಮೇಲೆ ಹರಡಿಕೊಂಡು ಕೂತಿದ್ದಾಳೆ. ಮೂರು ಇಪ್ಪತ್ತು ಅಂತ ಸಿಕ್ಕಿತಂತೆ. ಅದನ್ನು ಬೆಕ್ಕಿಗೆ ಹೇಗೆ ಹೇಳುವುದು ಅಂತ ಇನ್ನೂ ಸಿಕ್ಕಿಲ್ಲ. ಯಾರೂ ಇಲ್ಲಿ ಉತ್ತರ ಬರೆಯಬೇಡಿ, ಅವಳು ಸಂಜೆ ಇದನ್ನು ಓದುತ್ತಾಳೆ.